ಪೇಲ್ ಏಲ್‌ನ ಕಹಿ: ಗುಣವೋ, ದೋಷವೋ?

ಪ್ರಶ್ನೆ (ಚಿಕ್ಕಮಗಳೂರು): ಬೆಂಗಳೂರಿನ ಗೆಳೆಯರು ತಂದಿದ್ದ ಕ್ರಾಫ್ಟ್ ಪೇಲ್ ಏಲ್ (ಸಣ್ಣ ಬ್ರೂವರಿಯಲ್ಲಿ ತಯಾರಾಗುವ ಒಂದು ಬಗೆಯ ಬಿಯರ್) ಅನ್ನು ನಿನ್ನೆ ಮೊದಲ ಬಾರಿಗೆ ಸವಿದೆ. ಲೋಟವನ್ನು ಮೂಗಿನ ಬಳಿ ತಂದಾಗ ಆಗತಾನೇ ಸುಲಿದ ಚಕ್ಕೋತದ ಸಿಪ್ಪೆಯ ಪರಿಮಳ ಬಂದಿತಾದರೂ, ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ ಕಹಿ ಬಹಳ ಹೊತ್ತು ಉಳಿಯಿತು. ಬಿಯರ್ ಕೆಟ್ಟಿತ್ತೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ಮೂಡಿಗೆರೆ): ಕೆಟ್ಟಿಲ್ಲ ಸರ್, ಅದು ಬಿಯರ್‌ಗೆ ಹಾಕುವ ಹಾಪ್ಸ್ ಎಂಬ ಬಳ್ಳಿಯ ಹೂವಿನ ಗುಣ. ಮಾಲ್ಟ್‌ನ (ಮೊಳಕೆ ಬರಿಸಿ ಒಣಗಿಸಿದ ಧಾನ್ಯದ) ರಸ ಕುದಿಯಲಾರಂಭಿಸಿದಾಗಲೇ ಹಾಪ್ಸ್ ಹಾಕಿದರೆ ಅದರಲ್ಲಿನ ಆಲ್ಫಾ ಆಮ್ಲಗಳು ರೂಪಾಂತರಗೊಂಡು ಕಹಿ ಕೊಡುತ್ತವೆ. ಆದರೆ ಪರಿಮಳದ ಎಣ್ಣೆಗಳು ಆವಿಯಾಗಿಬಿಡುವುದರಿಂದ, ಪರಿಮಳಕ್ಕೆಂದು ಕುದಿಯ ಕೊನೆಯಲ್ಲೋ ಹುದುಗು ಬಂದ ಮೇಲೋ ಮತ್ತೊಮ್ಮೆ ಹಾಕುತ್ತಾರೆ. ನೀವು ಹೇಳಿದಂಥ ಚಕ್ಕೋತದ ವಾಸನೆಗೆ, ಅಮೆರಿಕದಲ್ಲಿ 1972ರಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ತಳಿ ಹೆಸರುವಾಸಿಯಾಗಿದೆ.

ಉತ್ತರ (ಸಕಲೇಶಪುರ): ಫ್ರಿಜ್‌ನಿಂದ ತೆಗೆದ ಕೂಡಲೇ ಕುಡಿದಿರಬಹುದು. ತೀರಾ ತಣ್ಣಗಿದ್ದರೆ ಪರಿಮಳ ಅಡಗುತ್ತದೆ. 8ರಿಂದ 10 ಡಿಗ್ರಿಗೆ ಬರಲು ಬಿಟ್ಟು, ನಾವು ಕಾಫಿ ಕಪ್ಪಿಂಗ್‌ನಲ್ಲಿ (ಕಾಫಿಯ ರುಚಿ ಪರೀಕ್ಷೆಯಲ್ಲಿ) ಮಾಡುವಂತೆ ಮೊದಲು ಚೆನ್ನಾಗಿ ಮೂಸಿ, ಆಮೇಲೆ ಸಣ್ಣ ಗುಟುಕನ್ನು ಬಾಯಿತುಂಬ ಆಡಿಸಿ ನೋಡಿ. ಖಾರದ ಪಂದಿಕರಿಯ ಜೊತೆ ಮಾತ್ರ ಬೇಡ, ಹಾಪ್ಸ್‌ನ ಕಹಿ ಖಾರವನ್ನು ಇನ್ನಷ್ಟು ಕೆರಳಿಸುತ್ತದೆ. ಬಾಟಲಿಯನ್ನು ಬಿಸಿಲಿಗೂ ಇಡಬೇಡಿ; ಬೆಳಕು ತಗುಲಿದ ಹಾಪ್ಸ್ ನಿಜಕ್ಕೂ ನಾರುತ್ತದೆ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ನಿನ್ನೆ ಜೊತೆಗಿದ್ದದ್ದು ಪಂದಿಕರಿಯೇ. ಉಳಿದಿರುವ ಒಂದು ಬಾಟಲಿಯನ್ನು ಈ ಭಾನುವಾರ ಹುರಿದ ಕಡಲೆಕಾಯಿಯೊಂದಿಗೆ ನಿಧಾನವಾಗಿ ಸವಿಯುತ್ತೇನೆ.