ಹಣ್ಣುನೊಣದ ಮೈಮೇಲಿನ ಗುರುತುಗಳು: ಎಲ್ಲಕ್ಕೂ ‘ಪಟ್ಟೆ’ ಎಂದರೆ ಸಾಕೆ?

ಮಾನ್ಯರೇ,

ಶ್ರೀನಿವಾಸಪುರ ಮತ್ತು ಚಿಂತಾಮಣಿ ಕಡೆಯ ಮಾವು ಬೆಳೆಗಾರರಿಗಾಗಿ ಹಣ್ಣುನೊಣಗಳನ್ನು ಗುರುತಿಸುವ ಸಣ್ಣ ಕೈಪಿಡಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ನೊಣದ ಎದೆಯ ಮೇಲ್ಭಾಗದಲ್ಲಿ, ಅಂದರೆ ಬೆನ್ನಿನಲ್ಲಿ, ಉದ್ದಕ್ಕೆ ಇಳಿಯುವ ಹಳದಿ ಗುರುತು, ರೆಕ್ಕೆಯ ಮುಂದಿನ ಅಂಚಿನಗುಂಟ ಓಡುವ ಕಂದು ಗುರುತು, ಹೊಟ್ಟೆಯ ಮೇಲಿನ ಕಪ್ಪು ಅಡ್ಡಗುರುತು, ಈ ಮೂರನ್ನೂ ಕೃಷಿ ಬರಹಗಳಲ್ಲಿ ‘ಪಟ್ಟೆ’ ಎಂದೇ ಬರೆಯುವುದನ್ನು ಕಾಣುತ್ತೇನೆ. ಓದುವವರಿಗೆ ಯಾವ ಪಟ್ಟೆ ಎಂಬುದು ತಿಳಿಯದೆ ಹೋದರೆ ಗುರುತಿಸುವ ಕೆಲಸವೇ ಕೆಡುತ್ತದೆ. ಆದ್ದರಿಂದ ಒಂದೊಂದಕ್ಕೂ ಬೇರೆ ಪದ ಗೊತ್ತುಮಾಡಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ತೊಡಕು ಎಲ್ಲಿದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ತೋಟದಲ್ಲಿ ಕಟ್ಟುವ, ಗಂಡುನೊಣಗಳನ್ನು ವಾಸನೆಯಿಂದ ಸೆಳೆಯುವ ಮಿಥೈಲ್ ಯುಜಿನಾಲ್ ಮೋಹಕ ಬಲೆಗೆ ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್, ಜೋನೇಟಾ, ಕರೆಕ್ಟಾ ಎಂಬ ಮೂರು ಪ್ರಭೇದಗಳ ಗಂಡುನೊಣಗಳೂ ಬೀಳುತ್ತವೆ. ಬರಿಗಣ್ಣಿಗೆ ಮೂರೂ ಒಂದೇ. ಸತ್ತ ನೊಣವನ್ನು ಬಿಳಿ ಹಾಳೆಯ ಮೇಲಿಟ್ಟು, ರೆಕ್ಕೆಯನ್ನು ಸೂಜಿಮೊನೆಯಿಂದ ಬಿಡಿಸಿ ಭೂತಗನ್ನಡಿಯಲ್ಲಿ ನೋಡಿದರೆ ವ್ಯತ್ಯಾಸ ಕಾಣುತ್ತದೆ. ಡಾರ್ಸಾಲಿಸ್‌ನಲ್ಲಿ ಕಂದು ಗುರುತು ಕಿರಿದಾಗಿ, ಎಲ್ಲಿಯೂ ಕಡಿಯದೆ, ಮುಂದಿನ ಅಂಚಿನಗುಂಟ ರೆಕ್ಕೆಯ ತುದಿಯವರೆಗೆ ಸಾಗುತ್ತದೆ. ಜೋನೇಟಾ ಮತ್ತು ಕರೆಕ್ಟಾಗಳಲ್ಲಿ ಅದು ನಡುವೆಯೇ ಮಾಯವಾಗಿ, ತುದಿಯಲ್ಲಿ ಒಂದು ಮಚ್ಚೆಯಷ್ಟೇ ಬೇರೆಯಾಗಿ ಉಳಿಯುತ್ತದೆ. ಈ ಎರಡನ್ನು ಬೇರ್ಪಡಿಸಲು ಬೆನ್ನನ್ನೂ ಮುಖವನ್ನೂ ನೋಡಬೇಕು. ಜೋನೇಟಾದ ಬೆನ್ನು ಕೆಂಗಂದು, ಮುಖದಲ್ಲಿ ಎರಡು ಕಪ್ಪು ಬೊಟ್ಟುಗಳು ಬಿಡಿಬಿಡಿಯಾಗಿರುತ್ತವೆ. ಕರೆಕ್ಟಾದ ಬೆನ್ನು ಕಪ್ಪು, ಮುಖದ ಬೊಟ್ಟುಗಳು ಅಡ್ಡಕ್ಕೆ ಹಿಗ್ಗಿ ಹೆಚ್ಚುಕಡಿಮೆ ಒಂದನ್ನೊಂದು ಮುಟ್ಟುತ್ತವೆ.

ಬೆನ್ನಿನ ಬಣ್ಣವೊಂದನ್ನೇ ನಂಬುವಂತಿಲ್ಲ ಎಂಬುದನ್ನು ಕೈಪಿಡಿಯಲ್ಲಿ ಒತ್ತಿ ಹೇಳಬೇಕಾಗಿದೆ. ಡಾರ್ಸಾಲಿಸ್‌ನ ಬೆನ್ನು ಸಾಮಾನ್ಯವಾಗಿ ಕಪ್ಪಾಗಿದ್ದರೂ ಕಂದು ಛಾಯೆಯವೂ ಇರುತ್ತವೆ, ಅವು ಜೋನೇಟಾ ಎಂದು ಭ್ರಮೆ ಹುಟ್ಟಿಸುತ್ತವೆ. ಆಫ್ರಿಕಾದಲ್ಲಿ ಕಾಣಿಸಿಕೊಂಡು 2005ರಲ್ಲಿ ಇನ್ವೇಡೆನ್ಸ್ ಎಂಬ ಹೊಸ ಪ್ರಭೇದವೆಂದು ಹೆಸರು ಪಡೆದ ನೊಣ, ಮೈಬಣ್ಣದಲ್ಲಿ ಇಂಥದೇ ಏರುಪೇರು ಇದ್ದದ್ದು, 2015ರಲ್ಲಿ ಡಾರ್ಸಾಲಿಸ್ಸೇ ಎಂದು ತೀರ್ಮಾನವಾಯಿತು. ತಜ್ಞರಿಗೇ ಇಷ್ಟು ತೊಡಕಾದ ವಿಷಯದಲ್ಲಿ, ರೆಕ್ಕೆಯ ಗುರುತನ್ನೂ ಬೆನ್ನಿನ ಗುರುತನ್ನೂ ಒಂದೇ ಪದದಲ್ಲಿ ಸೇರಿಸಿ ಹೇಳುವುದು ಸರಿಯಲ್ಲ.

ಬೆನ್ನಿನ ಹಳದಿ ಗುರುತಿಗೆ ‘ಗೆರೆ’ ಎಂಬುದು ಒಪ್ಪುತ್ತದೆ. ಮಾವಿನ ಈ ಮೂರು ನೊಣಗಳಿಗೂ ಎರಡು ಪಕ್ಕದಲ್ಲಿ ಎರಡೇ ಗೆರೆ. ಹಾಗಲ, ಹೀರೆ, ಸೋರೆಗಳನ್ನು ಕೆಡಿಸುವ, ಕ್ಯೂ ಲ್ಯೂರ್ ಎಂಬ ಬೇರೊಂದು ಮೋಹಕದ ಬಲೆಗೆ ಬೀಳುವ ಜ್ಯೂಗೊಡೇಕಸ್ ಕುಕರ್ಬಿಟೇ ಎಂಬ ನೊಣಕ್ಕೆ ನಡುವೆಯೂ ಒಂದು ಸೇರಿ ಮೂರು. ‘ಮೂರು ಗೆರೆಯ ನೊಣ’ ಎಂದರೆ ಬಳ್ಳಿ ತರಕಾರಿ ಬೆಳೆಯುವವರಿಗೆ ಹೆಚ್ಚಿನ ವಿವರಣೆಯೇ ಬೇಕಾಗದು. ಮುಖದ್ದಕ್ಕೆ ‘ಬೊಟ್ಟು’, ಹೊಟ್ಟೆಯದಕ್ಕೆ ‘ಪಟ್ಟೆ’ ಇರಲಿ.

ರೆಕ್ಕೆಯದ್ದೇ ಕಷ್ಟ. ‘ಅಂಚು’ ಎಂದರೆ ರೆಕ್ಕೆಯ ಕೊನೆ ಎಂದಷ್ಟೇ ಅರ್ಥವಾಗಿ, ಅದರ ಮೇಲಿನ ಬಣ್ಣ ಬಿಟ್ಟುಹೋಗುತ್ತದೆ. ಪಂಚೆಯ ಅಂಚಿನ ಬಣ್ಣದ ಗೆರೆಗೆ ಹೇಳುವ ‘ಕಂಬಿ’ ನನಗೆ ಹಿಡಿಸಿದೆ. ‘ಕಂಬಿ ಪೂರ್ತಿ ಇದ್ದರೆ ಡಾರ್ಸಾಲಿಸ್, ಕಂಬಿ ಕಡಿದು ತುದಿಯಲ್ಲಿ ಮಚ್ಚೆ ಉಳಿದಿದ್ದರೆ ಉಳಿದೆರಡರಲ್ಲೊಂದು’ ಎಂದು ಚಿಕ್ಕದಾಗಿ ಹೇಳಬಹುದು. ಆದರೆ ಇಂದಿನ ಬಳಕೆಯಲ್ಲಿ ಕಂಬಿ ಎಂದೊಡನೆ ಕಬ್ಬಿಣದ ತಂತಿ ನೆನಪಾಗುತ್ತದೆ. ರೆಕ್ಕೆಯಲ್ಲಿ ಹಬ್ಬಿರುವ ನರಗಳನ್ನೇ ಕಂಬಿ ಎಂದುಕೊಂಡರೆ ಮತ್ತೆ ಗೊಂದಲ.

ಇನ್ನೊಂದು ಮಾತು. ಕೋಲಾರ ಜಿಲ್ಲೆಯಲ್ಲಿ ಮಾವಿನ ಈ ನೊಣಗಳನ್ನೆಲ್ಲ ‘ಊಜಿ’ ಎನ್ನುತ್ತಾರೆ. ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರಿಗೆ ಊಜಿ ಎಂದರೆ ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆಯಿಡುವ, 1980ರಲ್ಲಿ ಕರ್ನಾಟಕಕ್ಕೆ ಬಂದ ಎಕ್ಸೋರಿಸ್ಟಾ ಬಾಂಬಿಸಿಸ್. ಅದು ಬೇರೆಯದೇ ಕುಟುಂಬದ್ದು, ಬೆನ್ನ ಮೇಲೆ ನಾಲ್ಕು ಕಪ್ಪು ಗೆರೆಗಳಿರುವ ದೊಡ್ಡ ನೊಣ. ಜನರ ಬಾಯಲ್ಲಿ ನೆಲೆಗೊಂಡ ಪದವನ್ನು ತಿದ್ದುವ ಉದ್ದೇಶ ನನಗಿಲ್ಲವಾದ್ದರಿಂದ ‘ಮಾವಿನ ಊಜಿ’, ‘ರೇಷ್ಮೆ ಊಜಿ’ ಎಂದು ಬರೆಯುತ್ತಿದ್ದೇನೆ.

ತುಮಕೂರು, ಪಾವಗಡ, ಗೌರಿಬಿದನೂರು ಕಡೆಯವರು ‘ಕಂಬಿ’ಯನ್ನು ಬಟ್ಟೆಯ ಗೆರೆ ಎಂಬ ಅರ್ಥದಲ್ಲಿ ಈಗಲೂ ಬಳಸುತ್ತಾರೆಯೇ, ಅಥವಾ ಅದೇ ಅರ್ಥಕ್ಕೆ ನೇಕಾರರಲ್ಲಿ ಬೇರೆ ಪದವಿದೆಯೇ ಎಂಬುದನ್ನು ತಿಳಿದವರು ದಯವಿಟ್ಟು ಬರೆಯಬೇಕಾಗಿ ಕೋರುತ್ತೇನೆ.