ಕೊಟ್ಟೆಮುಳ್ಳು: ಬಳ್ಳಿ ಎನ್ನಬೇಕೆ, ಪೊದೆ ಎನ್ನಬೇಕೆ?

ನಮಸ್ಕಾರ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ಕನ್ನಡ ಮಾಧ್ಯಮದ ಮಕ್ಕಳಿಗೆಂದು ಗುಡ್ಡದ ಗಿಡಗಳ ಕಿರುಹೊತ್ತಗೆಯೊಂದನ್ನು ಬರೆಯುತ್ತಿದ್ದೇನೆ. ಕೊಟ್ಟೆಮುಳ್ಳಿನ ಪುಟಕ್ಕೆ ಎರಡು ಪದ ಬೇಕಾಗಿವೆ.

ನಾನು ಹೇಳುತ್ತಿರುವುದು ಜಿಜಿಫಸ್ ರುಗೋಸ. ಘಟ್ಟದ ಮೇಲಿನವರು ಮುಳ್ಳುಹಣ್ಣು ಎನ್ನುತ್ತಾರೆ. ಬೇಸಗೆಯಲ್ಲಿ ಬೆಳ್ಳಗೆ ಹಣ್ಣಾಗುತ್ತದೆ. ಹಿಟ್ಟುಹಿಟ್ಟಾದ ತಿರುಳು, ಒಳಗೆ ಒಂದೇ ಗೊರಟು. ತೊಡಲಿ ಎಂಬ ಮಲಯಾಳ ಹೆಸರು ಇದಕ್ಕೂ ಸಲ್ಲುತ್ತದೆ, ಕಪ್ಪು ಹಣ್ಣಿನ ಸೂರಿಮುಳ್ಳಿಗೂ (ಜಿಜಿಫಸ್ ಈನೋಪ್ಲಿಯ) ಸಲ್ಲುತ್ತದೆ. ಹಣ್ಣಿಲ್ಲದ ಕಾಲದಲ್ಲಿ ಇವೆರಡನ್ನು ಬೇರೆಬೇರೆಯಾಗಿ ಗುರುತಿಸಲು ಹೂ ನೋಡಿದರೆ ಸಾಕು. ಸೂರಿಮುಳ್ಳಿನ ಹೂಗಳು ಎಲೆಕಂಕುಳಲ್ಲಿ ಪುಟ್ಟ ಗೊಂಚಲಾಗಿ ಬರುತ್ತವೆ, ಐದು ಎಸಳು ಇರುತ್ತವೆ. ಕೊಟ್ಟೆಮುಳ್ಳಿನದು ಕವಲೊಡೆದ ಉದ್ದನೆಯ ಗೊಂಚಲು, ಹೂವಿಗೆ ಎಸಳೇ ಇಲ್ಲ. ಸೂರಿಮುಳ್ಳಿನ ಎಲೆಯ ಬುಡ ಓರೆ.

ಈಗ ಪ್ರಶ್ನೆ. ಕೈಪಿಡಿಗಳಲ್ಲಿ ಇಂಥ ಗಿಡಕ್ಕೆ 'ಮುಳ್ಳುಬಳ್ಳಿ' ಎಂದಿರುತ್ತದೆ. ನನಗೆ ಒಪ್ಪಿಗೆಯಿಲ್ಲ. ಬಳ್ಳಿ ಎಂದರೆ ಮಗು ಸುತ್ತುವ ಕಾಂಡವನ್ನೋ ಕುಡಿಬಳ್ಳಿಯನ್ನೋ ಹುಡುಕುತ್ತದೆ. ಇದರಲ್ಲಿ ಎರಡೂ ಇಲ್ಲ. ಗಟ್ಟಿ ಮರಕಾಂಡದ ಪೊದೆ ಇದು. ಉದ್ದಕ್ಕೆ ಚಾಚಿದ ರೆಂಬೆಗಳು ಹಿಂದಕ್ಕೆ ಬಾಗಿದ ಮುಳ್ಳುಗಳನ್ನು ಪಕ್ಕದ ಮರಕ್ಕೆ ಸಿಕ್ಕಿಸಿಕೊಂಡು ಮೇಲೇರುತ್ತವೆ. ಆಧಾರ ಸಿಗದಿದ್ದರೆ ಅಲ್ಲೇ ಬಲ್ಲೆಯಾಗಿ ಹಬ್ಬುತ್ತದೆ. 'ಅಡರುಪೊದೆ' ಎಂದು ಬರೆದಿದ್ದೇನೆ. ಅಡರು ಎಂಬುದಕ್ಕೆ ಹತ್ತು, ಏರು ಎಂಬ ಅರ್ಥ ಹಳಗನ್ನಡದಿಂದಲೂ ಇದೆ. ಆಡುಮಾತಿನಲ್ಲಿ ಇದಕ್ಕಿಂತ ಹತ್ತಿರದ ಪದ ಯಾರಲ್ಲಾದರೂ ಇದೆಯೆ?

ಎರಡನೆಯದು ಮುಳ್ಳೇ. ಗುಲಾಬಿಯ ಮುಳ್ಳು ಕಾಂಡದ ಹೊರಪದರದಿಂದ ಎದ್ದದ್ದು, ಹೆಬ್ಬೆರಳಲ್ಲಿ ಪಕ್ಕಕ್ಕೆ ಒತ್ತಿದರೆ ಕಳಚಿ ಬರುತ್ತದೆ. ಲಿಂಬೆಯದು ಹಾಗಲ್ಲ, ಎಲೆಕಂಕುಳಲ್ಲಿ ರೆಂಬೆಯಾಗಬೇಕಿದ್ದದ್ದು ಮುಳ್ಳಾಗಿದೆ. ಕೊಟ್ಟೆಮುಳ್ಳಿನಲ್ಲಿ ಎಲೆತೊಟ್ಟಿನ ಬುಡದ ಕಾವಿನೆಲೆಯೇ (ಎಲೆಯಂಥ ಪುಟ್ಟ ಭಾಗ, ಸ್ಟಿಪ್ಯೂಲ್) ಮುಳ್ಳಾಗಿ ಮಾರ್ಪಟ್ಟಿದೆ. ಇಂಗ್ಲಿಷಿನಲ್ಲಿ ಪ್ರಿಕಲ್, ಥಾರ್ನ್, ಸ್ಪೈನ್ ಎಂದು ಮೂರು ಹೆಸರು. ನಮ್ಮಲ್ಲಿ ಮೂರಕ್ಕೂ ಮುಳ್ಳೇ. ತೊಗಟೆಮುಳ್ಳು, ರೆಂಬೆಮುಳ್ಳು, ಎಲೆಮುಳ್ಳು ಎಂದರೆ ಹುಟ್ಟಿದ ಜಾಗ ಹೆಸರಲ್ಲೇ ತಿಳಿಯುತ್ತದೆ. ಆದರೆ 'ತೊಗಟೆಮುಳ್ಳು' ನನಗೆ ಪೂರ್ತಿ ಹಿಡಿಸಿಲ್ಲ. ಗುಲಾಬಿಯ ಎಳೆಕಾಂಡಕ್ಕೆ ತೊಗಟೆ ಎನ್ನುವುದು ಸರಿಹೋಗದು. 'ಸಿಪ್ಪೆಮುಳ್ಳು' ಆಗಬಹುದೇ? ಸಸ್ಯಶಾಸ್ತ್ರ ಕಲಿಸುವವರು ತರಗತಿಯಲ್ಲಿ ಯಾವ ಪದ ಬಳಸುತ್ತೀರಿ, ದಯವಿಟ್ಟು ತಿಳಿಸಿ. ಕುಂಬಳೆ, ಪೆರ್ಲ, ಮುಳ್ಳೇರಿಯ ಕಡೆಯವರು ಮನೆಮಾತಿನ ಹೆಸರುಗಳನ್ನೂ ಬರೆದರೆ, ಹವ್ಯಕ, ತುಳು, ಮರಾಟಿ ಯಾವುದೇ ಇರಲಿ, ಪುಟದಲ್ಲಿ ಸೇರಿಸುತ್ತೇನೆ.