ಫುಜಿವಾರ ನೊ ತೇಕಾ ಬದುಕಿನ ಬಗ್ಗೆ ತಿಳಿದವರು ಹೇಳ್ತೀರಾ?

ಪ್ರಶ್ನೆ:
ಜಪಾನಿನ ಹಳೇ ಕವಿತೆಗಳನ್ನು ಅನುವಾದದಲ್ಲಿ ಓದುತ್ತಿದ್ದೇನೆ. ಎಲ್ಲಿ ನೋಡಿದರೂ ತೇಕಾ (1162–1241) ಹೆಸರು ಬರುತ್ತದೆ. ನೂರು ಕವಿಗಳ ಒಂದೊಂದು ಕವಿತೆ ಆರಿಸಿದ 'ಹ್ಯಾಕುನಿನ್ ಇಶ್ಶು' ಅವನದು, ಅರಮನೆಯ 'ಶಿನ್‌ಕೊಕಿನ್‌ಶೂ' ಸಂಕಲನಕಾರರಲ್ಲೂ ಅವನಿದ್ದಾನೆ, ಜಪಾನಿನ ಹಳೇ ಕಾದಂಬರಿ ಗೆಂಜಿ ಕಥೆಯ ಹಸ್ತಪ್ರತಿ ವಿಷಯ ಬಂದರೆ ಅಲ್ಲೂ ಅವನೇ. ಆಳು ಹೇಗಿದ್ದ? ಚಕ್ರವರ್ತಿ ಗೋ-ತೋಬಾ ಜೊತೆ ಯಾಕೆ ಕೆಟ್ಟುಹೋಯ್ತು?

ಉತ್ತರ 1:
ಸುಲಭದ ಮನುಷ್ಯ ಅಲ್ಲ. ಅಪ್ಪ ಶುಂಝೇ ಆ ಕಾಲದ ದೊಡ್ಡ ಕವಿ. 1185ರಲ್ಲಿ ಗೇಲಿ ಮಾಡಿದ ಇನ್ನೊಬ್ಬ ಆಸ್ಥಾನಿಕನಿಗೆ ಅರಮನೆಯಲ್ಲೇ ದೀವಟಿಗೆಯಿಂದ ಹೊಡೆದು ಆಸ್ಥಾನದಿಂದ ಹೊರಬಿದ್ದ. ಅಪ್ಪ ಕವಿತೆ ಬರೆದು ಬೇಡಿಕೊಂಡ ಮೇಲೆ ಕ್ಷಮೆ ಸಿಕ್ಕಿತು.

ಇನ್ನು ಗೋ-ತೋಬಾ. ಪಟ್ಟ ಬಿಟ್ಟುಕೊಟ್ಟಿದ್ದ ಈ ಚಕ್ರವರ್ತಿ ತಾನೂ ಒಳ್ಳೇ ಕವಿ, ತೇಕಾನನ್ನು ಮೇಲೆ ತಂದವನೂ ಅವನೇ. ಆದರೆ ಒಮ್ಮೆ ತೇಕಾ ಮನೆಯಂಗಳದ ವಿಲೋ ಮರಗಳನ್ನು ಗೋ-ತೋಬಾ ಕಡೆಯವರು ಕಿತ್ತುಕೊಂಡು ಹೋಗಿದ್ದರು. 1220ರಲ್ಲಿ ತೇಕಾನ ಅಮ್ಮನ ತಿಥಿಯ ದಿನವೇ ಕವಿಗೋಷ್ಠಿಗೆ ಕರೆ ಬಂತು, ಅವನು ವಿಲೋ ಮರದ ಮೇಲೆ ನೋವಿನ ಕವಿತೆಯೊಂದನ್ನು ಕೊಟ್ಟ. ಗೋ-ತೋಬಾಗೆ ಅದು ತನ್ನ ಮೇಲಿನ ದೂರು ಅನ್ನಿಸಿ, ಗೋಷ್ಠಿಗಳಿಂದಲೇ ದೂರ ಇಟ್ಟ. ಮರುವರ್ಷ ಗೋ-ತೋಬಾ ಕಾಮಾಕುರದ ಸಮುರಾಯಿ ಸರ್ಕಾರದ ಮೇಲೆ ಯುದ್ಧ ಹೂಡಿ ಸೋತು ಓಕಿ ದ್ವೀಪಕ್ಕೆ ಗಡೀಪಾರಾದ, 1239ರಲ್ಲಿ ಅಲ್ಲೇ ತೀರಿಕೊಂಡ.

ಉತ್ತರ 2:
ಜಗಳದ ಕಥೆ ಎಲ್ಲರೂ ಹೇಳ್ತಾರೆ. ನನಗೆ ಅದಕ್ಕಿಂತ ದೊಡ್ಡದು ಅನ್ನಿಸೋದು ಅವನು ಮುಪ್ಪಿನಲ್ಲಿ ಕೂತು ಪ್ರತಿ ಮಾಡಿದ ಕೆಲಸ. ಮನೆಯಲ್ಲಿದ್ದ ಗೆಂಜಿ ಕಥೆಯ ಪ್ರತಿ ಕಳುವಾಗಿತ್ತು, 1225ರ ಹೊತ್ತಿಗೆ ಮನೆಯ ಹೆಂಗಸರನ್ನೂ ಕೂರಿಸಿ 54 ಅಧ್ಯಾಯಗಳನ್ನು ಮತ್ತೆ ಬರೆಸಿದ. ಇಂದು ಜನ ಓದುವ ಗೆಂಜಿ ಬಹುಪಾಲು ಅವನು ಸಿದ್ಧಪಡಿಸಿದ ಪ್ರತಿಯಿಂದಲೇ ಬಂದದ್ದು. 1235ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಸುಮಾರು 300 ವರ್ಷ ಹಳೆಯ ಪ್ರವಾಸಕಥನ 'ತೋಸಾ ದಿನಚರಿ'ಯ ಮೂಲಪ್ರತಿ, ಅದನ್ನು ಬರೆದ ಕವಿ ಕಿ ನೊ ತ್ಸುರಾಯುಕಿಯ ಸ್ವಂತ ಕೈಬರಹದ್ದು, ಅವನ ಕಣ್ಣಿಗೆ ಬಿತ್ತು. ಪೂರ್ತಿ ನಕಲು ಮಾಡಿದ. ಕೊನೆಯ ಭಾಗವನ್ನು ಮಾತ್ರ ತ್ಸುರಾಯುಕಿಯ ಅಕ್ಷರದ ರೂಪದಲ್ಲೇ, ಅದೇ ತಿರುವು ಅದೇ ಎಳೆತ ಹಿಡಿದು ಬರೆದ, ಮುಂದಿನವರಿಗೆ ಆ ಕೈ ಹೇಗಿತ್ತು ಅಂತ ಗೊತ್ತಾಗಲಿ ಅಂತ. ಆ ಮೂಲ ಈಗ ಇಲ್ಲ. ಆ ಕಾಲದಲ್ಲಿ ಹೀಗೆ ಯೋಚಿಸಿದ್ದು ಎಷ್ಟು ದೊಡ್ಡ ವಿಷಯ ಅಲ್ವಾ!

ಉತ್ತರ 3:
ಒಪ್ಪುತ್ತೇನೆ, ಆದರೆ ಅವನು ಸುಮ್ನೆ ಕಂಡದ್ದನ್ನು ಕಂಡ ಹಾಗೆ ಬರೆಯುತ್ತಿರಲಿಲ್ಲ. ಅದೇ 'ತೋಸಾ ದಿನಚರಿ'ಯಲ್ಲಿ ಅಲ್ಲಲ್ಲಿ ಪದಗಳನ್ನು ತಿದ್ದಿದ್ದಾನೆ. ಮರುವರ್ಷ ಮಗ ತಮೇಇಯೆ ಅದೇ ಮೂಲ ನೋಡಿ ಮಾಡಿದ ಪ್ರತಿ ಜಾಸ್ತಿ ನಿಷ್ಠವಾಗಿದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಕವಿಯ ಕಿವಿಗೆ ಎಲ್ಲಿ ತಡೆಯಲಾಗಲಿಲ್ಲ ಅಂತ ಕಾಣುತ್ತದೆ. ನನಗಂತೂ ಅದು ತಪ್ಪಿಗಿಂತ ಹೆಚ್ಚಾಗಿ ಅವನ ಓದಿನ ಗುರುತು.

ಬದುಕು ತಿಳಿಯಬೇಕಾದರೆ ಅವನ ದಿನಚರಿ 'ಮೇಗೆತ್ಸುಕಿ' ಹಿಡಿಯಿರಿ. 1180ರಲ್ಲಿ ತಾಯ್ರಾ, ಮಿನಾಮೊತೊ ಮನೆತನಗಳ ಯುದ್ಧ ಶುರುವಾದಾಗ ಕೆಂಪು ಬಾವುಟ, ದಂಡಯಾತ್ರೆ ತನಗೆ ಸಂಬಂಧಪಟ್ಟದ್ದಲ್ಲ ಅಂತ ಬರೆದ ಸಾಲು ಅದರಲ್ಲೇ ಇದೆ. ಆ ಸಾಲನ್ನು ವಯಸ್ಸಾದ ಮೇಲೆ ಸೇರಿಸಿದ ಅನ್ನುವ ವಿದ್ವಾಂಸರೂ ಇದ್ದಾರೆ. ಕಾಯಿಲೆ, ಬಡ್ತಿ ಸಿಗದ ಸಂಕಟ, ಹವಾಮಾನ ಎಲ್ಲಾ ಇದೆ. 1230ರಲ್ಲಿ ಆಕಾಶದಲ್ಲಿ ಹೊಸ ನಕ್ಷತ್ರದಂಥದ್ದೊಂದು ಕಂಡಾಗ ಅಂಥ ನಕ್ಷತ್ರಗಳ ಹಳೇ ದಾಖಲೆ ತರಿಸಿ ದಿನಚರಿಗೆ ಸೇರಿಸಿಕೊಂಡ. ಏಡಿ ನೀಹಾರಿಕೆಗೆ ಕಾರಣವಾದ 1054ರ ನಕ್ಷತ್ರಸ್ಫೋಟದ ವಿವರ ಅದರಲ್ಲಿ ಸಿಗುತ್ತದೆ. ಅವನ ವಂಶದ ರೇಝೇ ಮನೆತನ ಕ್ಯೋಟೋದಲ್ಲಿ ಅವನ ಕೈಬರಹದ ಪ್ರತಿಯನ್ನು ಇಂದಿಗೂ ಕಾಪಾಡಿಕೊಂಡು ಬಂದಿದೆ.